ರಾಯರು ಹೇಳೋ ತನಕ

ಕೂತ್ಕೊಳ್ರಪ್ಪ, ಕೂತ್ಕೊಳ್ರಿ. ಪೆದ್ದನ ಕತೆ ಅಂದ ತಕ್ಷಣ ಹಲ್ಲು ಕಿರೀಬ್ಯಾಡ್ರಿ. ನಗೋ ಜಾಗ ಬಂದಾಗ ನಗ್ರಿ, ನಾನೇನು ಬ್ಯಾಡ ಅನ್ನಲ್ಲ. ಆದ್ರೆ ಈ ಕತೆ ಮುಗಿಯೋ ಹೊತ್ತಿಗೆ ಆ ನಗು ಎಲ್ಲಿ ಹೋಯ್ತು ಅಂತ ನೀವೇ ಹುಡುಕ್ತೀರಿ. ಆಮೇಲೆ ಮೊದಲೇ ಹೇಳಬಾರದಿತ್ತಾ ಅಂತ ನನ್ನ ಮೇಲೆ ಹಾಯಬ್ಯಾಡ್ರಿ.

ದಾವಣಗೆರೇಲಿ ಮಂಡಕ್ಕಿ ಭಟ್ಟಿಗಳ ಓಣಿ ಐತಲ್ಲ, ಅಲ್ಲಿ ಹಾಲಮ್ಮ ಅಂತ ಒಬ್ಳಿದ್ಲು. ಗಂಡ ಸತ್ತಿದ್ದ. ಒಬ್ಬನೇ ಮಗ, ಕೊಟ್ರ. ಆಳು ನೋಡಿದ್ರೆ ಬಾಗಿಲು ತುಂಬ ಇದ್ದ, ಮೀಸೆ ಬಂದು ಎಷ್ಟೋ ವರ್ಷ ಆಗಿತ್ತು. ತಲೇಲಿ ಮಾತ್ರ ಏನೂ ಇರ್ಲಿಲ್ಲ. ಅಲ್ಲ, ಹಂಗನ್ನಬಾರದು. ಹೇಳಿದ್ದು ಇರ್ತಿತ್ತು. ಹೇಳಿದ್ದು ಬಿಟ್ಟು ಇನ್ನೊಂದು ಇರ್ತಿರ್ಲಿಲ್ಲ.

"ಅನ್ನ ಉಕ್ಕಿದಾಗ ಮುಚ್ಚಳ ತೆಗಿ ಮಗನೇ" ಅಂತ ಹೇಳಿ ಹೋದ್ರೆ, ಒಲೆ ಮುಂದೆ ಕೂತೇ ಇರ್ತಿದ್ದ. ಅನ್ನ ಉಕ್ಕದೇ ಸೀದು ಹೋದ್ರೂ ಕೂತಿರ್ತಿದ್ದ. "ಸೀದ ವಾಸನೆ ಬರ್ಲಿಲ್ಲೇನೋ?" ಅಂದ್ರೆ "ಬಂತವ್ವ, ಆದ್ರೆ ಉಕ್ಕಲಿಲ್ಲ" ಅಂತಿದ್ದ. ಹಾಲಮ್ಮ ಹಣೆ ಹಣೆ ಬಡ್ಕೊಳ್ಳೋಳು. ಬಡ್ಕೊಂಡ ಕೈಯಲ್ಲೇ ಅವನ ತಲೆ ಸವರೋಳು. ಹೆತ್ತೋರಿಗೆ ಹೆಗ್ಗಣ ಮುದ್ದು ಅಂತ ಸುಮ್ನೆ ಅಂದಿಲ್ಲ.

ಅವಳಿಗೆ ಮಗನ ಚಿಂತೆಗಿಂತ ದೊಡ್ಡದು ಕಣ್ಣಿನ ಚಿಂತೆ. ಮಂಡಕ್ಕೀನ ನೀವು ಮೆಣಸಿನಕಾಯಿ ಬಜ್ಜಿ ಜೊತೆ ಮುಕ್ಕಿ ಕೈ ಒರೆಸ್ಕೊಂಡು ಹೋಗ್ತೀರಿ. ಅದನ್ನ ಹುರಿಯೋರನ್ನ ನೋಡಿದೀರಾ? ನೆಲದೊಳಗೆ ಮನುಷ್ಯ ಇಳಿಯೋವಷ್ಟು ದೊಡ್ಡ ಒಲೆ. ಅದಕ್ಕೆ ಹೊಟ್ಟು, ಮರದ ಪುಡಿ, ಹಳೇ ಟೈರು, ಸಿಕ್ಕಿದ್ದೆಲ್ಲ ತುರುಕ್ತಾರೆ. ಮೇಲೆ ಕಾದ ಮರಳು, ಮರಳಲ್ಲಿ ಅಕ್ಕಿ. ಹೊಗೆ ಅಂದ್ರೆ ಎದುರಿಗೆ ಕೂತೋರ ಮುಖ ಕಾಣಬಾರದು, ಅಂಥ ಹೊಗೆ. ಆ ಹೊಗೇಲಿ ಕೂತು ಉರಿ ಹಾಕೋ ಕೆಲಸ ಹಾಲಮ್ಮಂದು. ಅಮಾವಾಸ್ಯೆಗೊಂದ್ಸಲ ಒಲೆ ಆರಿಸಿದಾಗ ಬೂದಿ ಬಾಚೋದು ಕೊಟ್ರಂದು. ದೊಡ್ಡಾಸ್ಪತ್ರೆ ಡಾಕ್ಟ್ರು, "ನೋಡಮ್ಮ, ಇನ್ನೂ ಹೊಗೇಲಿ ಕೂತ್ರೆ ಉಳಿದಿರೋ ಕಣ್ಣೂ ಹೋಗುತ್ತೆ" ಅಂದಿದ್ರು. ಹೇಳೋಕೆ ಅವರಿಗೇನು, ಹೊಟ್ಟೆ ಕೇಳಬೇಕಲ್ಲ. ಹಾಲಮ್ಮ ಸೆರಗಲ್ಲಿ ಕಣ್ಣೊತ್ಕೊಂಡು ಮತ್ತೆ ಹೋಗಿ ಕೂತಳು. "ನಂಗೆ ಕಣ್ಣು ಹೋದ್ರೆ ಈ ಪೆದ್ದನ್ನ ನೋಡ್ಕೊಳ್ಳೋರ್ಯಾರು" ಅನ್ನೋದೊಂದೇ ಅವಳ ಮಾತು.

ಪಕ್ಕದ ಬೀದೀಲಿ ವಾಮನರಾಯರು ಅಂತ ಒಬ್ಬ ಇಂಜಿನಿಯರು. ಮಿಲ್ಲಲ್ಲಿ ಕೆಲಸ ಮಾಡಿ ರಿಟೈರಾದೋರು, ಹೆಂಡ್ತಿ ತೀರ್ಕೊಂಡಿದ್ರು, ಒಬ್ಬರೇ ಇದ್ರು. ಮನೆ ಹಿಂದೆ ಒಂದು ತಗಡಿನ ಶೆಡ್ಡು. ಅದರಲ್ಲಿ ಹಗಲೆಲ್ಲ ಏನಾರ ಒಂದು ಹೊಸದು ಮಾಡೋರು. ಅಲುಗಾಡಿಸಿದ್ರೆ ಕೂಗೋ ಬೀಗ, ಒಂದೇ ಕೈಲಿ ಮಡಿಚೋ ಸೊಳ್ಳೆ ಪರದೆ, ಸಾರು ಚೆಲ್ಲದ ಊಟದ ಡಬ್ಬಿ, ಗಾಳಿಗೆ ತಿರುವಿಹೋಗದ ಛತ್ರಿ. ಒಂದೊಂದಕ್ಕೂ ಪೇಟೆಂಟ್ ಮಾಡಿಸೋರು. ಪೇಟೆಂಟ್ ಅಂದ್ರೆ ಬ್ಯಾರೇನಲ್ಲ, "ಇದನ್ನ ಮೊದಲು ಮಾಡಿದೋನು ನಾನು, ನನ್ನ ಕೇಳದೆ ಇನ್ನೊಬ್ಬ ಮಾಡಂಗಿಲ್ಲ" ಅಂತ ಸರ್ಕಾರದ ಹತ್ರ ಬರೆಸ್ಕೊಳ್ಳೋದು. ಗೋಡೆ ತುಂಬ ಆ ಕಾಗದಗಳಿಗೆ ಕಟ್ಟು ಹಾಕಿಸಿ ತೂಗು ಹಾಕಿದ್ರು. ಅಂಗಡೀಲಿ ಮಾತ್ರ ಅವರ ಒಂದು ಸಾಮಾನೂ ಇರ್ಲಿಲ್ಲ. ಕಾಗದಕ್ಕೆ ಕಟ್ಟು ಹಾಕಿಸಿ ಏನ್ ಬಂತು, ನೀವೇ ಹೇಳ್ರಿ.

ಹಾಲಮ್ಮ ಮಗನ್ನ ಕರ್ಕೊಂಡು ರಾಯರ ಬಾಗಿಲಿಗೆ ಹೋದ್ಲು. "ರಾಯರೇ, ಕಳ್ಳ ಅಲ್ಲ, ಸುಳ್ಳ ಅಲ್ಲ. ಹೇಳಿದ್ದು ಮಾಡ್ತಾನೆ. ನಿಮ್ಮ ಕೈಕೆಳಗೆ ಇಟ್ಕೊಳ್ರಿ."

"ಹೇಳಿದ್ದು ಮಾಡಿದರೆ ಸಾಕಮ್ಮ. ನನಗೂ ಅಂಥವನೇ ಬೇಕು" ಅಂದ್ರು ರಾಯರು. ಪಾಪ, ಅವರಿಗೇನು ಗೊತ್ತು.

ಮೊದಲ ದಿನ ರಾಯರು ಒಂದು ಹೊಸ ನಲ್ಲಿ ಹಾಕಿದ್ರು. ಕೊಡ ತುಂಬಿದ ತಕ್ಷಣ ತಾನೇ ನಿಲ್ಲೋ ನಲ್ಲಿ. ಆ ಊರಲ್ಲಿ ನೀರು ಬರೋದೇ ವಾರಕ್ಕೊಂದ್ಸಲ. ಅವತ್ತೇ ಬಂದಿತ್ತು, ತೊಟ್ಟಿ ತುಂಬಿತ್ತು. "ಕೊಟ್ರ, ಇದಕ್ಕೆ ಕೈ ಹಚ್ಚಬೇಡ. ಕೊಡ ತುಂಬಿದ ಮೇಲೆ ಅದೇ ನಿಲ್ಲುತ್ತೆ. ನಾನು ಪೇಟೆಗೆ ಹೋಗಿ ಬರ್ತೀನಿ" ಅಂತ ಹೇಳಿ ಹೋದ್ರು.

ಕೊಟ್ರ ಕುಕ್ಕರುಗಾಲಲ್ಲಿ ಕೂತ. ಕೊಡ ತುಂಬ್ತು. ಕೊಡ ತುಂಬಿ ಚೆಲ್ತು. ಶೆಡ್ಡೆಲ್ಲ ನೀರಾಯ್ತು. ನೀರು ಹೊಸ್ತಿಲು ದಾಟಿ ಪಕ್ಕದ ಮನೆ ಅಂಗಳಕ್ಕೆ ಹೋಯ್ತು. ರಾಯರು ಬಂದು ನೋಡ್ತಾರೆ, ತೊಟ್ಟಿ ಖಾಲಿ, ಕೊಟ್ರ ಮೊಣಕಾಲು ನೀರಲ್ಲಿ ಕೂತಾನೆ.

"ಯಾಕೋ ನಿಲ್ಲಿಸಲಿಲ್ಲ?"

"ಅದೇ ನಿಲ್ಲುತ್ತೆ ಅಂದ್ರಲ್ಲ ರಾಯರೇ. ಇನ್ನೂ ನಿಂತಿಲ್ಲ."

ರಾಯರು ಪಂಚೆ ಎತ್ತಿ ಕಟ್ಕೊಂಡು ಬೈದ್ರು. "ಕತ್ತೆ, ಒಂದು ವಸ್ತು ನಿಲ್ಲದೇ ನಡೀತಾ ಇದೆ ಅಂದರೆ ಕೈ ಹಾಕಿ ಹಿಡಿದು ನಿಲ್ಲಿಸಬೇಕು. ಇಷ್ಟು ಗೊತ್ತಾಗಲ್ವೇ?"

ಮನೇಲಿ ಹಾಲಮ್ಮಾನೂ ಬೈದ್ಲು. ಬೈದು, "ನಾಳೆಯಿಂದ ರಾಯರು ಹೇಳಿದಂಗೇ ಮಾಡು ಮಗನೇ" ಅಂದ್ಲು. ಕೊಟ್ರ "ಹೂಂ ಅವ್ವ" ಅಂದ.

ಆಮೇಲೆ ರಾಯರು ಒಂದು ತೊಟ್ಟಿಲು ಮಾಡಿದ್ರು. ಗಡಿಯಾರಕ್ಕೆ ಕೊಟ್ಟಂಗೆ ಕೀಲಿ ಕೊಟ್ರೆ ತಾನೇ ತೂಗೋ ತೊಟ್ಟಿಲು. ತಾಯಂದಿರು ಒಂದು ಕೈ ಬಿಡುವು ಮಾಡ್ಕೊಂಡು ಊಟ ಮಾಡಬಹುದು ನೋಡ್ರಿ. ಚಿತ್ರದುರ್ಗದಿಂದ ಒಬ್ಬ ತೊಟ್ಟಿಲು ವ್ಯಾಪಾರಿ ನೋಡೋಕೆ ಬಂದ. ರಾಯರು ಖುಷಿಯಾಗಿ ಕೀಲಿ ಕೊಟ್ಟು, "ನೋಡ್ತಾ ಇರಿ, ನಾವು ಕಾಫಿ ಕುಡಿದು ಮುಗಿದರೂ ನಿಲ್ಲಲ್ಲ" ಅಂತ ಹೇಳಿ ಕಾಫಿ ತರೋಕೆ ಒಳಗೆ ಹೋದ್ರು.

ತೊಟ್ಟಿಲು ತೂಗ್ತು. ತೂಗ್ತಾನೇ ಇತ್ತು. ಕೊಟ್ರ ನೋಡಿದ. ನಿಲ್ಲಲಿಲ್ಲ. ಮತ್ತೆ ನೋಡಿದ. ನಿಲ್ಲಲಿಲ್ಲ. ಎದ್ದು ಹೋಗಿ ಎರಡೂ ಕೈಲಿ ತೊಟ್ಟಿಲು ತಬ್ಬಿ ಹಿಡ್ದ. ಒಳಗಿನ ಸ್ಪ್ರಿಂಗ್ ಸುರುಳಿ ಮುಂದಕ್ಕೆ ಹೋಗ್ತೀನಿ ಅಂತೈತೆ, ಇವನು ಬಿಡಲ್ಲ ಅಂತಾನೆ. ಟಣ್ ಅಂತ ಸುರುಳಿ ಹರಿದು ಹೋಗಿ ಗೋಡೇಲಿದ್ದ ಒಂದು ಪೇಟೆಂಟಿನ ಗಾಜಿಗೆ ಬಡೀತು. ವ್ಯಾಪಾರಿ ಎದ್ದು ನಿಂತ. "ಇದರಲ್ಲಿ ಮಗು ಇದ್ದಿದ್ರೆ ಏನ್ರಿ ಗತಿ" ಅಂದೋನು ಚಪ್ಪಲಿ ಮೆಟ್ಕೊಂಡು ಹೋಗೇಬಿಟ್ಟ. ರಾಯರು ಎರಡು ಲೋಟ ಹಿಡ್ಕೊಂಡು ಬಾಗಿಲಲ್ಲೇ ನಿಂತ್ರು.

"ನೀವು ಹೇಳಿದಂಗೇ ಮಾಡ್ದೆ ರಾಯರೇ. ನಿಲ್ಲದೇ ನಡೀತಿತ್ತು, ಹಿಡಿದು ನಿಲ್ಲಿಸ್ದೆ" ಅಂದ ಕೊಟ್ರ.

"ಅಯ್ಯೋ ದೇವರೇ" ಅಂದ್ರು ರಾಯರು. "ಜನ ಬಂದಾಗ ಕೈ ಆಡಿಸಬಾರದು ಕಣಯ್ಯ, ಬಾಯಿ ಆಡಿಸಬೇಕು. ಇದನ್ನ ಹೇಗೆ ಮಾಡಿದ್ದು, ಒಳಗೆ ಏನಿದೆ, ಯಾಕೆ ಒಳ್ಳೇದು ಅಂತ ಬಂದವರಿಗೆ ಬಿಡಿಸಿ ಹೇಳಬೇಕು."

ಹಾಲಮ್ಮ ರಾತ್ರಿ ಅವನಿಗೆ ಮುದ್ದೆ ಹಾಕ್ತಾ, "ಕೇಳಿದೆಯಲ್ಲ, ಕೈ ಬ್ಯಾಡ, ಬಾಯಿ. ರಾಯರು ಹೇಳಿದಂಗೇ ಮಾಡು ಮಗನೇ" ಅಂದ್ಲು. "ಹೂಂ ಅವ್ವ" ಅಂದ ಕೊಟ್ರ.

ಮೂರನೇದು ರೊಟ್ಟಿ ಯಂತ್ರ. ಜೋಳದ ರೊಟ್ಟಿ ಬಡಿಯೋದು ಎಂಥ ಕಷ್ಟ ಅಂತ ನಿಮ್ಮ ಮನೆ ಹೆಂಗಸರನ್ನ ಕೇಳ್ರಿ. ಒತ್ತಿದ್ರೆ ಅಂಚು ಬಿರೀತೈತೆ. ರಾಯರು ಎರಡು ತಟ್ಟೆ ಇಟ್ಟು, ಒಂದು ಈ ಕಡೆ ಇನ್ನೊಂದು ಆ ಕಡೆ ತಿರುಗೋ ಹಂಗೆ ಮಾಡಿ, ಅಂಚು ಬಿರೀದ ರೊಟ್ಟಿ ತೆಗೆದ್ರು. ಅದಕ್ಕೆ ಅವರು ವರ್ಷಗಟ್ಟಲೆ ಒದ್ದಾಡಿದ್ರು. ಇನ್ನೇನು ಪೇಟೆಂಟಿಗೆ ಹಾಕಬೇಕು, ಅಷ್ಟರಲ್ಲಿ ಒಂದಿನ ರಾಯರಿಲ್ಲದಾಗ ಸ್ಟೇಷನ್ ಹತ್ತಿರದ ಲೇತ್ ಅಂಗಡಿಯೋನು ನಟ್ಟು ಬಿಚ್ಚೋ ಪಾನಾ ಕೇಳೋ ನೆಪದಲ್ಲಿ ಬಂದ.

"ಇದೇನಪ್ಪ ಕೊಟ್ರ, ಹೊಸದು?"

ಕೊಟ್ರ ಕೈ ಹಿಂದಕ್ಕೆ ಕಟ್ಕೊಂಡ. ಬಾಯಿ ಆಡಿಸ್ದ. ಎಂದೂ ಅಷ್ಟು ಮಾತಾಡಿದೋನಲ್ಲ, ಅವತ್ತು ಆಡ್ದ. ಮೇಲಿನ ತಟ್ಟೆ ಯಾಕೆ ಹಂಗೆ, ಕೆಳಗಿನ ತಟ್ಟೆ ಯಾಕೆ ಹಿಂಗೆ, ನಡುವಿನ ಹಲ್ಲು ಎಷ್ಟು ಸಣ್ಣದು, ಒಂದೂ ಬಿಡಲಿಲ್ಲ. ಲೇತಿನೋನು ಬಿಚ್ಚಿ ನೋಡ್ದ, ಅಳತೆ ತಗೊಂಡ, ಕೊಟ್ರನ ಬೆನ್ನು ತಟ್ಟಿ ಚಹಾ ಕುಡಿಸ್ದ. ಯುಗಾದಿ ಬರೋ ಹೊತ್ತಿಗೆ ಊರಿನ ಪಾತ್ರೆ ಅಂಗಡೀಲೆಲ್ಲ ಅದೇ ರೊಟ್ಟಿ ಯಂತ್ರ, ಮೇಲೆ ಬೇರೆಯೋರ ಹೆಸರು. ಊರೆಲ್ಲ ಕಂಡ ಮೇಲೆ ಅದಕ್ಕೆ ಪೇಟೆಂಟೂ ಸಿಗಲ್ವಂತೆ, ಕಾನೂನೇ ಹಂಗಂತೆ.

ಅವತ್ತು ರಾಯರು ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತು ನೆಲ ನೋಡ್ತಿದ್ರು. ಹಾಲಮ್ಮನೇ ಓಡಿ ಬಂದ್ಲು. "ಬ್ಯಾಡ ರಾಯರೇ, ಇವನ್ನ ಬಿಡಿಸ್ಬಿಡ್ರಿ. ನಿಮ್ಮ ಮನೆ ಹಾಳು ಮಾಡ್ಬಿಟ್ಟ. ನಾನೇ ತಂದು ನಿಮ್ಮ ಕೊರಳಿಗೆ ಕಟ್ಟಿದೆ."

"ಅವನದೇನು ತಪ್ಪು ಹಾಲಮ್ಮ? ನಾನು ಹೇಳಿದ್ದನ್ನೇ ಮಾಡಿದ. ಅವನಿಗೆ ಹೇಗೆ ಹೇಳಬೇಕೋ ಅದು ನನಗೆ ಬರಲಿಲ್ಲ." ರಾಯರು ತಲೆ ಎತ್ತಿ ಅವಳ ಮುಖ ನೋಡಿದ್ರು. "ನಿಮ್ಮ ಕಣ್ಣಿಗೇನಾಗಿದೆ? ಯಾಕೆ ಹೀಗೆ ಕೆಂಡ ಆಗಿವೆ?"

ಹಾಲಮ್ಮ ಹೇಳಿದ್ಲು. ಮಾರನೇ ದಿನ ರಾಯರು ಭಟ್ಟಿಗೇ ಬಂದ್ರು. ಹೊಗೇಲಿ ಕೆಮ್ಮಿ ಕೆಮ್ಮಿ ಸುಸ್ತಾದ್ರು, ಆದ್ರೂ ಕರವಸ್ತ್ರ ಮೂಗಿಗಿಟ್ಕೊಂಡು ನಿಂತು ಎಲ್ಲ ನೋಡಿದ್ರು. ಹೋಗುವಾಗ, "ಮಳೆಗೆ ಛತ್ರಿ ಮಾಡಿದೆ, ಸೊಳ್ಳೆಗೆ ಪರದೆ ಮಾಡಿದೆ, ಪಕ್ಕದ ಬೀದೀಲಿ ಇಷ್ಟು ಹೆಂಗಸರ ಕಣ್ಣು ಹೋಗ್ತಿರೋದು ನೋಡಲಿಲ್ಲ" ಅಂದ್ರು. ಆ ಮಾತು ಅವರ ಹೊಟ್ಟೆಯಿಂದ ಬಂದಿತ್ತು.

ಅವತ್ತಿಂದ ರಾಯರು ಬೇರೆ ಎಲ್ಲ ಬಿಟ್ರು. ಅವರ ಪದ್ಧತಿ ಹೆಂಗೆ ಅಂದ್ರೆ, ಮೊದಲು ಕಬ್ಬಿಣದಲ್ಲಿ ಆಗಬೇಕು, ಕಾಗದದಲ್ಲಿ ಬರೆಯೋದು ಆಮೇಲೆ. ಬಡಿದ್ರು, ಕೊರೆದ್ರು, ಕೆಡಿಸಿದ್ರು, ಮತ್ತೆ ಬಡಿದ್ರು. ಕೊನೆಗೆ ಒಂದಿನ ಹಾಲಮ್ಮನ್ನ ಕರೆಸಿದ್ರು.

ನೀರಿನ ಕೊಡದಷ್ಟು ದೊಡ್ಡದು, ಹೆಗಲ ಮೇಲೆ ಹೊತ್ಕೊಂಡು ಹೋಗಬಹುದು. ತೆಳು ತಗಡಿನ ಉರುಳೆ, ಒಳಗೆ ಹಿತ್ತಾಳೆ ಹಲ್ಲುಗಳು, ದೂರದಲ್ಲಿ ಕೂತು ತಿರುಗಿಸೋಕೆ ಉದ್ದನೆ ಹಿಡಿ. ಕೆಳಗೆ ಮುಚ್ಚಿದ ಒಲೆ, ಹೊಗೆ ಎಲ್ಲ ಕೊಳವೇಲಿ ಮೇಲಕ್ಕೆ. "ಇದು ಸಣ್ಣ ಮಾದರಿ. ಇದು ನಡೆದರೆ ದೊಡ್ಡದು ನಡೆಯುತ್ತೆ. ತಿರುಗಿಸಿ" ಅಂದ್ರು. ಹಾಲಮ್ಮ ತಿರುಗಿಸಿದ್ಲು. ಈ ಕಡೆ ಅಕ್ಕಿ ಹೋಯ್ತು, ಆ ಕಡೆ ಮಂಡಕ್ಕಿ ಬಂತು, ಬೆಳ್ಳಗೆ, ಹಗುರಾಗಿ. ಹೊಗೆ ಇಲ್ಲ. ಕಣ್ಣು ಉರೀಲಿಲ್ಲ. ಅವಳು ಒಂದು ಹಿಡಿ ಬಾಯಿಗೆ ಹಾಕ್ಕೊಂಡಳು, ಹೊಗೆ ಇಲ್ದೆನೂ ಕಣ್ಣಲ್ಲಿ ನೀರು ಬಂತು. ಭಟ್ಟಿ ಮಾಲೀಕರೂ ಒಳ್ಳೇರು, "ನಡೆಯೋದಾದ್ರೆ ತನ್ರಿ, ಹಾಕ್ಸೋಣ" ಅಂದಿದ್ರು. ಹಾಲಮ್ಮನ ಕಣ್ಣು ಉಳೀತು ಅಂತಲೇ ಎಲ್ಲರ ಲೆಕ್ಕ.

ಅಮಾವಾಸ್ಯೆ ಹಿಂದಿನ ದಿನ ರಾಯರು ಮದ್ರಾಸಿಗೆ ಹೊರಟ್ರು. ಪೇಟೆಂಟ್ ವಕೀಲರ ಹತ್ತಿರ ಕೂತು ಬಾಯಲ್ಲಿ ಹೇಳಿ ನಕ್ಷೆ ಬರೆಸಿ ಅರ್ಜಿ ಹಾಕೋಕೆ. ಹೊರಡೋ ಮುಂಚೆ ಕೊಟ್ರನ ಎರಡೂ ಭುಜ ಹಿಡ್ಕೊಂಡು ಹೇಳಿದ್ರು. ಈ ಸಲ ಬಲು ಯೋಚನೆ ಮಾಡಿ, ಎಲ್ಲೂ ಸಂದಿ ಇಲ್ಲದಂಗೆ ಹೇಳಿದ್ರು.

"ಇದು ಯಾರ ಕಣ್ಣಿಗೂ ಬೀಳಬಾರದು. ಈ ಶೆಡ್ಡಲ್ಲೂ ಬೇಡ, ಇಲ್ಲಿಗೆ ಲೇತಿನವನು ಬರ್ತಾನೆ. ಯಾರೂ ಕಣ್ಣು ಬಿಟ್ಟು ನೋಡೋಕಾಗದ ಕಡೆ ಇಡು. ನಾನು ಬಂದು ನನ್ನ ಬಾಯಲ್ಲೇ ಹೇಳೋ ತನಕ ಎಲ್ಲಿಟ್ಟೆ ಅಂತ ಹೇಳಬೇಡ. ನಿಮ್ಮವ್ವ ಕೇಳಿದರೂ ಹೇಳಬೇಡ. ದೇವರು ಕೇಳಿದರೂ ಹೇಳಬೇಡ. ತಿಳೀತಾ?"

"ತಿಳೀತು ರಾಯರೇ."

ಹಾಲಮ್ಮ ಪಕ್ಕದಲ್ಲೇ ಇದ್ಲು. ಅವಳೂ ಒಂದು ಮಾತು ಸೇರಿಸಿದ್ಲು. "ರಾಯರು ಹೇಳಿದಂಗೇ ಮಾಡು ಮಗನೇ. ಈ ಸಲ ತಪ್ಪಿದ್ರೆ ನಿಮ್ಮವ್ವನ ಕಣ್ಣು ಹೋದಂಗೆ ಅಂತ ತಿಳ್ಕೋ." ಆ ಮಾತು ಆಡಬಾರದಿತ್ತು ಅಂತ ಅವಳು ಆಮೇಲೆ ಎಷ್ಟು ಸಲ ಅಂದ್ಕೊಂಡಳೋ.

ರಾಯರು ಮದ್ರಾಸು ಮುಟ್ಟಲೇ ಇಲ್ಲ. ರೈಲಲ್ಲೇ ಎದೆ ಹಿಡ್ಕೊಂಡ್ರಂತೆ. ಹೋದ ರಾಯರ ಬದಲು ಅವರ ಹೆಣ ಬಂತು.

ಹೆಣದ ಸುತ್ತ ಜನ ನಿಂತಿದ್ರು. ಕೊಟ್ರ ನುಗ್ಗಿ ಬಂದು ರಾಯರ ಬಾಯಿ ಹತ್ತಿರ ಕಿವಿ ಇಟ್ಟು ಮಲಗಿಬಿಟ್ಟ. "ಎಷ್ಟು ಪ್ರೀತಿ ನೋಡ್ರಿ ಈ ಪೆದ್ದನಿಗೆ" ಅಂತ ಜನ ಕಣ್ಣೊರೆಸ್ಕೊಂಡ್ರು. ಹಾಲಮ್ಮನಿಗೆ ಮಾತ್ರ ಕೇಳಿಸ್ತು. "ರಾಯರೇ, ಬಂದ್ರಲ್ಲ, ಈಗ ಹೇಳ್ರಿ. ತೋರಿಸ್ಲಾ?" ಅಂತಿದ್ದ ಅವನು. ಚಟ್ಟ ಎತ್ತೋರು ಅವನನ್ನ ಎಳೆದು ಹಾಕಬೇಕಾಯ್ತು.

ರಾಯರ ಅಣ್ಣನ ಮಗ ಬಂದು ಶೆಡ್ಡು ಗುಜರಿಗೆ ಹಾಕ್ದ. ಮಂಡಕ್ಕಿ ಯಂತ್ರದ ನಕ್ಷೆ ಒಂದು ಚೂರೂ ಇರ್ಲಿಲ್ಲ. ಇದ್ದಿದ್ದು ಅದೊಂದೇ ಮಾದರಿ, ಅದು ಎಲ್ಲೈತೆ ಅಂತ ಗೊತ್ತಿದ್ದೋನು ಕೊಟ್ರ ಒಬ್ಬನೇ. ಹಾಲಮ್ಮ ಮಗನ್ನ ಕೂರಿಸ್ಕೊಂಡು ಕೇಳಿದ್ಲು. "ಎಲ್ಲಿಟ್ಟಿಯಪ್ಪ? ಇನ್ನೊಬ್ಬ ಇಂಜಿನಿಯರ್ ನೋಡಿ ದೊಡ್ಡದು ಮಾಡ್ತಾನೆ. ಹೇಳು ನನ್ನ ಬಂಗಾರ."

"ರಾಯರು ಹೇಳಬೇಕವ್ವ."

"ರಾಯರು ಸತ್ರಲ್ಲೋ."

"ಸತ್ರೆ ಹೇಳಬಹುದು ಅಂದಿಲ್ಲವಲ್ಲವ್ವ."

ಬೈದ್ಲು. ಅತ್ಲು. ಎರಡು ಬಿಗಿದ್ಲು. ಅವನೂ ಅತ್ತ, ಆದ್ರೆ ಹೇಳಲಿಲ್ಲ. ಭಟ್ಟೀಲಿ ಅವಳ ಜೊತೆಗೆ ಹುರಿಯೋ ಮೆಹಬೂಬಿ ಒಂದು ಉಪಾಯ ಹೇಳಿಕೊಟ್ಲು. ಮಾರನೇ ಬೆಳಗ್ಗೆ ಹಾಲಮ್ಮ, "ಮಗನೇ, ರಾತ್ರಿ ನನ್ನ ಕನಸಲ್ಲಿ ರಾಯರು ಬಂದಿದ್ರು. ತೋರಿಸೋಕೆ ಹೇಳು ಅಂದ್ರು" ಅಂದ್ಲು.

ಕೊಟ್ರ ಯೋಚನೆ ಮಾಡ್ದ. "ನಿನ್ನ ಕನಸಿಗೆ ಬಂದ್ರೆ ನಿಂಗೆ ಹೇಳಿದ್ದು. ನಂಗೆ ಹೇಳಬೇಕು ಅಂದ್ರೆ ನನ್ನ ಕನಸಿಗೆ ಬರ್ಬೇಕು" ಅಂದ. ಅವತ್ತಿಂದ ಪಾಪ, ದೀಪ ಹಚ್ಚೋ ಹೊತ್ತಿಗೇ ಮಲಗೋಕೆ ಶುರು ಮಾಡ್ದ. ಮಧ್ಯಾಹ್ನಾನೂ ಮಲಗೋನು. ಎದ್ದು ಕೂತು, "ಇವತ್ತೂ ಬರ್ಲಿಲ್ಲವ್ವ" ಅನ್ನೋನು. ರಾಯರು ಬರಲಿಲ್ಲ.

ಹಾಲಮ್ಮ ಕೇಳೋದು ಬಿಟ್ಲು. ಹೊಗೆ ಮುಂದೆ ಕೂತು ಉರಿ ಹಾಕಿದ್ಲು. ಮಳೆಗಾಲ ಹೋಯ್ತು, ದೀಪಾವಳಿ ಹೋಯ್ತು. ಮೊದಲು ದಾರಿ ಮಬ್ಬಾಯ್ತು, ಆಮೇಲೆ ಮುಖಗಳು ಮಬ್ಬಾದವು. ಒಂದಿನ ಕಾದ ಮರಳಿಗೇ ಕೈ ಇಟ್ಲು. ಮೆಹಬೂಬಿ ಅವಳ ಕೈಗೆ ಬಟ್ಟೆ ಸುತ್ತಿ, ಕೈ ಹಿಡ್ಕೊಂಡು ಮನೆಗೆ ತಂದು ಬಿಟ್ಲು. ಆಮೇಲೆ ಹಾಲಮ್ಮ ಭಟ್ಟಿಗೆ ಹೋಗಲಿಲ್ಲ.

ಅಮಾವಾಸ್ಯೆ ಬಂತು. ಅವತ್ತು ಭಟ್ಟಿಗಳಿಗೆ ರಜೆ, ಒಲೆ ಆರಿಸ್ತಾರೆ. ಕೊಟ್ರ ಹೊರಗಿಂದ ಬಂದು ಅವ್ವನ ಮುಂದೆ ಕೂತ.

"ಅವ್ವ, ನಿಂಗೆ ಏನೂ ಕಾಣಲ್ವಾ?"

"ಇಲ್ಲಪ್ಪ."

"ನಾನು?"

"ನೀನೂ ಇಲ್ಲ."

"ಬೆಳಕು?"

"ಬೆಳಕೂ ಇಲ್ಲ ಮಗನೇ."

ಕೊಟ್ರನಿಗೆ ಖುಷಿ ತಡಿಯೋಕಾಗಲಿಲ್ಲ. ಅವ್ವನ ಸುಟ್ಟಿರದ ಕೈ ಹಿಡ್ಕೊಂಡು ಎಬ್ಬಿಸ್ದ. "ಹಂಗಾದ್ರೆ ಬಾರವ್ವ. ಯಾರ ಕಣ್ಣಿಗೂ ಬೀಳಬಾರದು ಅಂದಿದ್ರು ರಾಯರು. ನಿಂಗೀಗ ಕಣ್ಣೇ ಇಲ್ಲವಲ್ಲ. ನಿಂಗೆ ತೋರಿಸಿದ್ರೆ ರಾಯರ ಮಾತು ತಪ್ಪಿದಂಗಾಗಲ್ಲ. ಎಲ್ಲೈತೆ ಅಂತ ಬಾಯಲ್ಲೂ ಹೇಳಲ್ಲ."

ಹಾಲಮ್ಮ ಚಪ್ಪಲೀನೂ ಹುಡುಕಲಿಲ್ಲ. ಕಣ್ಣು ಹೋದ್ರೆ ಹೋಗ್ಲಿ, ಮೆಹಬೂಬಿದಾದ್ರೂ ಉಳೀತೈತೆ ಅಂದ್ಕೊಂಡು ಅವನ ಹಿಂದೆ ನಡೆದ್ಲು. ಕೆರೆ ಕಡೆ ಹೋಗ್ತಾನೆ ಅಂದ್ಕೊಂಡಳು, ಹೋಗಲಿಲ್ಲ. ಸ್ಟೇಷನ್ ಕಡೆ ತಿರುಗ್ತಾನೆ ಅಂದ್ಕೊಂಡಳು, ತಿರುಗಲಿಲ್ಲ. ಕಾಲಿಗೆ ಗೊತ್ತಿದ್ದ ದಾರಿ ಬಂತು. ಇಷ್ಟು ವರ್ಷ ದಿನಾ ನಡೆದ ದಾರಿ.

"ಇದು ನಮ್ಮ ಭಟ್ಟಿ ಅಲ್ಲೇನೋ?"

"ಹೂಂ ಅವ್ವ. ಬಗ್ಗು, ತಲೆ ತಾಗುತ್ತೆ."

ಅವಳು ಉರಿ ಹಾಕ್ತಿದ್ದ ಒಲೆ. ಕೊಟ್ರ ಅದರ ಹೊಟ್ಟೆಯೊಳಗೆ ಇಳಿದ, ಅವ್ವನ್ನೂ ಕೈ ಹಿಡಿದು ಇಳಿಸ್ಕೊಂಡ. ಅಮಾವಾಸ್ಯೆಗೊಂದ್ಸಲ ಒಳಗಿಳಿದು ಬೂದಿ ಬಾಚೋ ಕೆಲಸ ಅವನದೇ ಆಗಿತ್ತು, ಆದ್ದರಿಂದ ಬೇರೆ ಯಾರೂ ಅಲ್ಲಿ ಇಣುಕಿರಲಿಲ್ಲ. ಹಿಂದಿನ ಗೋಡೆ ಹತ್ತಿರ ಬೂದಿ ಸರಿಸಿ ಅವ್ವನ ಕೈ ಎಳೆದು ಇಟ್ಟ. "ಇಗೋ ನೋಡು."

ಹಾಲಮ್ಮ ತಡವಿದ್ಲು. ಉರುಳೆ ಮುದ್ದೆಯಾಗಿ ಕೂತಿತ್ತು. ಹಿತ್ತಾಳೆ ಹಲ್ಲು ಕರಗಿ ಇಳಿದು ಕಲ್ಲಿಗೆ ಅಂಟ್ಕೊಂಡಿತ್ತು. ಉದ್ದನೆ ಹಿಡಿ ಇದ್ದ ಜಾಗದಲ್ಲಿ ಏನೂ ಇರ್ಲಿಲ್ಲ.

"ಇಲ್ಯಾಕಿಟ್ಟೆ ಕೊಟ್ರ?"

"ನೀನೇ ಹೇಳ್ತಿದ್ದೆಯಲ್ಲವ್ವ, ಈ ಒಲೆ ಕಡೆ ಕಣ್ಣು ಬಿಟ್ಟು ನೋಡೋಕೆ ಯಾರ ಕೈಲೂ ಆಗಲ್ಲ ಅಂತ. ರಾಯರೂ ಅಂಥ ಕಡೇನೇ ಇಡು ಅಂದ್ರು."

ಹಾಲಮ್ಮ ಅದರ ಮೇಲೆ ಕೈ ಇಟ್ಕೊಂಡೇ ಕೂತಳು. ದಿನಾ ಬೆಳಗ್ಗೆ ಬಂದು, ಇದರ ಮೇಲೆ, ತನ್ನ ಕೈಯಾರೆ ಟೈರು ತುರುಕಿ ಬೆಂಕಿ ಹಾಕಿದೋಳು ತಾನೇ. ಯಾರಿಗೆ ಬೈಬೇಕು? ರಾಯರಿಗಾ? ಈ ಮಗನಿಗಾ? ಹೇಳಿದಂಗೇ ಮಾಡು ಅಂತ ಹುಟ್ಟಿದಾಗಿಂದ ಹೇಳಿಕೊಟ್ಟೋಳು ಯಾರು?

"ಚೆನ್ನಾಗಿ ಬಚ್ಚಿಟ್ಟಿದೀನಾ ಅವ್ವ?" ಕೇಳ್ದ ಕೊಟ್ರ.

"ಚೆನ್ನಾಗಿಟ್ಟಿದೀಯಪ್ಪ."

ಅಷ್ಟರಲ್ಲಿ ಹೊರಗಿಂದ ಮೆಹಬೂಬಿ ದನಿ ಬಂತು. "ಯಾರದು ಒಳಗೆ? ಹಾಲಕ್ಕಾ? ಅಲ್ಲೇನು ಮಾಡ್ತೀಯ? ಯಂತ್ರ ಏನಾರ ಸಿಕ್ತಾ?"

ತಿಳಿದ್ರೆ ಓಣಿ ಜನ ಈ ಪೆದ್ದನ್ನ ಬಿಡಲ್ಲ ಅಂದ್ಕೊಂಡು ಹಾಲಮ್ಮ ಮಗನ ಕಿವಿಯಲ್ಲಿ ಹೇಳಿದ್ಲು. "ಮುಚ್ಚು ಮಗನೇ. ಬೂದಿ ಎಳೆದು ಮುಚ್ಚಿಬಿಡು. ಇದನ್ನ ಇನ್ನು ಯಾರಿಗೂ ತೋರಿಸ್ಬ್ಯಾಡ."

"ನೀನು ಹೇಳೋ ತನಕನಾ?"

"ಹೂಂ. ನಾನು ಹೇಳೋ ತನಕ."

ಕೊಟ್ರ ಎರಡೂ ಕೈಲಿ ಬೂದಿ ಎಳೆದು ಒಂದು ಚೂರೂ ಕಾಣದಂಗೆ ಮುಚ್ಚಿದ. ಮುಚ್ಚಿ, ಅವ್ವನ ಕೈ ಹಿಡ್ಕೊಂಡು ಮನೆಗೆ ಕರ್ಕೊಂಡು ಹೋದ. ಮಾರನೇ ಬೆಳಗ್ಗೆ ಮೆಹಬೂಬಿ ಬಂದು ಒಲೆ ಹಚ್ಚಿದ್ಲು.